ಹೆಂಗಾಮಿನಲ್ಲಿ ಹದಿನಾರು ದಿನ

ಹೆಂಗಾಮ್ ದ್ವೀಪದಲ್ಲಿ ಮೂರು ದಿನ ವಿಶ್ರಾಂತಿ ಎಂದು ಇರಜ್ ಹನ್ನೊಂದು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದ. ಆಗ ಅವನಿನ್ನೂ ಜಂಜಾನ್ ರೈಲು ನಿಲ್ದಾಣದಲ್ಲಿ ಸಿಗ್ನಲ್ ರಿಪೇರಿಯ ಕೆಲಸದಲ್ಲಿದ್ದ. ರಾತ್ರಿ ಪಾಳಿಗಳಲ್ಲಿ ನಕ್ಷೆ ಹರಡಿಕೊಂಡು, ನಿವೃತ್ತಿಯಾದ ಮೇಲೆ ಬೆನ್ನುಚೀಲ ಹೊತ್ತು ದೇಶದ ಅಂಚಿನುದ್ದಕ್ಕೂ ನಡೆಯುವ ದಾರಿಯನ್ನು ಊರೂರಾಗಿ ಬರೆದಿದ್ದ. ಕುರ್ದಿಸ್ತಾನದ ಬೆಟ್ಟಗಳು, ಖುಜಿಸ್ತಾನದ ಬಯಲು, ಬುಶೆಹರ್, ಅಲ್ಲಿಂದ ಕಡಲ ಬದಿಯಲ್ಲೇ ಚಾಬಹಾರಿನವರೆಗೆ. ಹೆಂಡತಿ ತೂರಾನ್ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಕೋಣೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವಳು. ನಡೆಯುವುದು ಅವಳ ಆಸೆಯಾಗಿರಲಿಲ್ಲ. "ನಿನ್ನ ಒಬ್ಬನ್ನೇ ಬಿಟ್ರೆ ಔಷಧಿ ನುಂಗೋದು ಮರೀತೀಯ" ಅಂದು ಹೊರಟಿದ್ದಳು, ಅಷ್ಟೆ.

ಶರತ್ಕಾಲದ ಮೊದಲಲ್ಲಿ ಹೊರಟವರು ದ್ವೀಪ ಮುಟ್ಟುವ ಹೊತ್ತಿಗೆ ನಾಲ್ಕೂವರೆ ತಿಂಗಳಾಗಿತ್ತು. ಲಾರಿಗಳಲ್ಲಿ, ಬಸ್ಸುಗಳಲ್ಲಿ, ಬಹಳಷ್ಟು ಕಾಲ್ನಡಿಗೆಯಲ್ಲಿ. ಮಸೀದಿಯ ಜಗುಲಿಗಳಲ್ಲೂ ಹಳ್ಳಿ ಶಾಲೆಗಳಲ್ಲೂ ಗುಡಾರದಲ್ಲೂ ಮಲಗಿದ್ದರು. ಕಂದಾಲೂ ದಕ್ಕೆಯಿಂದ ಅವರನ್ನು ದೋಣಿಯಲ್ಲಿ ಕರೆತಂದವನು ಅದರ ಯಜಮಾನ, ನಾಖುದಾ ದರ್ವೀಶ್. ಚಳಿಗಾಲದಲ್ಲಿ ಡಾಲ್ಫಿನ್ ನೋಡಬಂದವರನ್ನು ಸುತ್ತಿಸುವುದು, ಉಳಿದಂತೆ ಮೀನು ಹಿಡಿಯುವುದು ಅವನ ಕಸುಬು. ಅವನ ಮನೆಯ ಅಂಗಳದಲ್ಲಿ ಬಾಡಿಗೆಗೆ ಕೊಡುವ ಒಂದು ಕೋಣೆ ಇತ್ತು. ಅವನ ಹೆಂಡತಿ ಮೌಜಾ, ಮುಖದ ಮೇಲೆ ಅಲ್ಲಿಯವರು ಹಾಕುವ ಕಸೂತಿಯ ಬುರ್ಕೆಯ ಹಿಂದಿನಿಂದಲೇ ಅವರನ್ನು ಮೇಲಿಂದ ಕೆಳಗೆ ನೋಡಿ, "ಈ ವಯಸ್ಸಲ್ಲಿ ಇಷ್ಟು ದೊಡ್ಡ ಮೂಟೆ! ಮನೆಯಿಂದ ಓಡಿಸಿದ್ರಾ?" ಎಂದು ಕೇಳಿದಳು.

"ಮಗಳು ಓಡಿಸಿದ್ಳು" ಅಂದ ಇರಜ್.

"ಒಳ್ಳೇ ಕೆಲಸ ಮಾಡಿದ್ಳು. ಬನ್ನಿ, ಚಹಾ ಇದೆ."

ಮೊದಲ ಮೂರು ದಿನ ತೂರಾನ್ ಮಲಗಿದ್ದೇ ಮಲಗಿದ್ದು. ಎದ್ದು ಉಂಡಳು, ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚಿದಳು, ಮತ್ತೆ ಮಲಗಿದಳು. ಹಗ್ಗದ ಮೇಲೆ ಒಣಗಲು ಹಾಕಿದ್ದ ಕಾಲುಚೀಲವೊಂದನ್ನು ಊರೊಳಗೆ ಅಡ್ಡಾಡುವ ಜಿಂಕೆ ಬಂದು ಅರ್ಧ ಅಗಿದು ಬಿಟ್ಟುಹೋಯಿತು. ಅದಕ್ಕೂ ಅವಳು ಏಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮೈಯೆಲ್ಲ ಹಗುರಾಗಿ ಎಚ್ಚರವಾಯಿತು. ಚೀಲ ಕಟ್ಟಿ ಹೊರಡುವ ದಿನ ಅದು. ಇರಜ್ ಯಾವಾಗಲೂ ಬೆಳಕು ಹರಿಯುವ ಮೊದಲೇ ಎದ್ದು, ನಕ್ಷೆ ಬಿಚ್ಚಿ, "ಇವತ್ತು ಹದಿನೇಳು ಕಿಲೋಮೀಟರ್, ಖಾನಂ" ಎಂದು ಘೋಷಿಸುವವನು. ಆ ದಿನ ಅವನು ಕೋಣೆಯಲ್ಲೇ ಇರಲಿಲ್ಲ.

ದಡಕ್ಕೆ ಹೋಗಿ ನೋಡಿದರೆ, ಮರಳಿನ ಮೇಲೆ ಹಳೆಯ ಚಾಪೆ ಹಾಸಿಕೊಂಡು ದರ್ವೀಶನ ಕೆಟ್ಟುಹೋದ ದೋಣಿ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕೂತಿದ್ದ. ಬೋಲ್ಟು, ತಿರುಪು, ಬಿಲ್ಲೆಗಳನ್ನೆಲ್ಲ ಗಾತ್ರದ ಪ್ರಕಾರ ಸಾಲಾಗಿ ಜೋಡಿಸಿದ್ದ. ಎದುರಿಗೆ ಕುಕ್ಕರಗಾಲಲ್ಲಿ ಕೂತ ದರ್ವೀಶ್, ಮೇಸ್ತ್ರಿಯನ್ನು ಕರೆಯುವ ಹಾಗೆ, "ಉಸ್ತಾ, ಇದನ್ನ ನಾಲ್ಕು ವರ್ಷದಿಂದ ಕೋಳಿಗಳು ಗೂಡು ಮಾಡ್ಕೊಂಡಿದ್ವು" ಅನ್ನುತ್ತಿದ್ದ.

"ಕೋಳಿಗಳಿಗೆ ಬೇರೆ ಮನೆ ನೋಡು" ಅಂದ ಇರಜ್. ತಲೆ ಎತ್ತಿ ಹೆಂಡತಿಯನ್ನು ನೋಡಿದ. "ನಾಳೆ ಹೊರಡೋಣ ತೂರಾನ್. ಇದನ್ನ ಹೀಗೆ ಬಿಚ್ಚಿ ಹಾಕಿ ಹೋದ್ರೆ ಚೆನ್ನಾಗಿರಲ್ಲ."

ಮರುದಿನ ಒಂದು ಬಿಡಿಭಾಗ ಬೇಕಾಯಿತು. ಅದು ಬಂದರ್ ಅಬ್ಬಾಸಿನಿಂದ ಬರಬೇಕಿತ್ತು. ಬಂದದ್ದು ತಪ್ಪು ಅಳತೆಯದು. ಅದನ್ನು ವಾಪಸು ಕಳಿಸಿದರು. ಅಷ್ಟರಲ್ಲಿ ಪಕ್ಕದ ಮನೆಯವನು ತನ್ನ ಎಂಜಿನ್ನಿನ ಕೆಮ್ಮು ತೋರಿಸಲು ಬಂದ. ಅದರ ಹಿಂದೆಯೇ ಮತ್ತೊಬ್ಬ, ಐಸ್ ಪೆಟ್ಟಿಗೆ ಹೊತ್ತು. ಹೀಗೆ ಆರು ದಿನವಾಯಿತು, ಎಂಟು ದಿನವಾಯಿತು. ಇರಜ್ ಊಟಕ್ಕೆ ಬರುವಾಗ ಮೊಣಕೈವರೆಗೆ ಎಣ್ಣೆಜಿಡ್ಡು. ಸುಟ್ಟ ಮೀನು ಬಿಡಿಸಿಕೊಂಡು ತಿನ್ನುತ್ತ, ಉಪ್ಪುನೀರು ಲೋಹಕ್ಕೆ ಏನು ಮಾಡುತ್ತದೆ ಎಂಬುದನ್ನು ತೂರಾನಳಿಗೆ ವಿವರಿಸುತ್ತಿದ್ದ. ಮಧ್ಯಾಹ್ನ ಗೋಡೆಯ ನೆರಳಲ್ಲಿ ನಿದ್ದೆ. ಈ ನಾಲ್ಕೂವರೆ ತಿಂಗಳಲ್ಲಿ ಅವನು ಹಗಲು ಮಲಗಿದ್ದನ್ನು ಅವಳು ನೋಡಿರಲಿಲ್ಲ.

ತೂರಾನಳ ಕಾಲುಗಳು ಸುಮ್ಮನಿರಲೊಲ್ಲವು. ಬೆಳಿಗ್ಗೆ ಎದ್ದು ಒಬ್ಬಳೇ ನಡೆಯತೊಡಗಿದಳು. ಮೊದಲು ಬೆಳ್ಳಿ ಮರಳಿನ ದಂಡೆಯವರೆಗೆ. ಆಮೇಲೆ ದ್ವೀಪದ ಆಚೆ ತುದಿಗೆ, ಪಾಳುಬಿದ್ದ ಹಳೆಯ ಕಲ್ಲುಕಟ್ಟಡಗಳವರೆಗೆ. ಕೊನೆಗೆ ಇಡೀ ದ್ವೀಪಕ್ಕೆ ಒಂದು ಸುತ್ತು. ಹಿಂದಿರುಗುವಾಗ ಮೈ ಬೆವೆತು, ಮನಸ್ಸು ಶುಭ್ರವಾಗಿರುತ್ತಿತ್ತು. ದಾರಿಯ ಮೊದಲಲ್ಲಿ, ಬೆಟ್ಟದೂರು ಪಾವೆಯ ಮಳೆಯಲ್ಲಿ, ಬೊಬ್ಬೆ ಎದ್ದ ಪಾದಗಳನ್ನು ಹಿಡಿದುಕೊಂಡು ಮಗುವಿನ ಹಾಗೆ ಅತ್ತವಳು ತಾನೇ. "ಇನ್ನೊಂದು ದಿನ, ಇನ್ನೊಂದೇ ದಿನ" ಎಂದು ಇರಜ್ ಅವಳನ್ನು ಎಳೆದುಕೊಂಡು ಹೋಗಿದ್ದ. ಅವಳು ಯಾವಾಗ ಅಳು ನಿಲ್ಲಿಸಿದಳು ಎಂಬುದು ಅವಳಿಗೇ ನೆನಪಿರಲಿಲ್ಲ. ಈಗ ದ್ವೀಪ ಚಿಕ್ಕದೆನಿಸುತ್ತಿತ್ತು.

ಹನ್ನೆರಡನೆಯ ದಿನ ಮೌಜಾ ಅಂಗಳದಲ್ಲಿ ತೋಮ್ಶಿ ಮಾಡುತ್ತಿದ್ದಳು. ಕಾದ ಕಾವಲಿಯ ಮೇಲೆ ತೆಳ್ಳಗೆ ಹಿಟ್ಟು ಸವರಿ, ಮೊಟ್ಟೆ ಒಡೆದು, ಮೇಲೆ ಮೀನಿನ ಹುಳಿಸಾರು ಚಿಮುಕಿಸುವ ರೊಟ್ಟಿ ಅದು. ತೂರಾನ್ ಹಿಟ್ಟು ಸವರಲು ಕಲಿಯುತ್ತಿದ್ದಳು. ಅವಳ ರೊಟ್ಟಿಗಳಲ್ಲಿ ತೂತು ಬೀಳುತ್ತಿದ್ದವು.

"ನಿನ್ನೆ ಜಗಳ ಆಡಿದ್ರಲ್ಲ" ಎಂದಳು ಮೌಜಾ.

"ನಾವು ಮನೇಲಾಡೋ ತುರ್ಕಿ ಭಾಷೆ ನಿಂಗೆ ಬರುತ್ತಾ?"

"ನಂಗೆಲ್ಲಿಂದ ಬರ್ಬೇಕು! ಆದ್ರೆ ರಾಗ ಗೊತ್ತಾಗಲ್ವಾ ಅಕ್ಕ? ನಾನೂ ದರ್ವೀಶೂ ದಿನಾ ಹಾಡೋದು ಅದೇ ರಾಗ."

ತೂರಾನ್ ನಕ್ಕಳು. "ಜಗಳ ಅಲ್ಲ. ಯಾವಾಗ ಹೊರಡೋದು ಅಂತ ಕೇಳ್ದೆ. ನಾಡಿದ್ದು ಅಂದ."

"ಇನ್ನೂ ಎಷ್ಟು ನಾಡಿದ್ದು ಬರ್ಬೇಕು ನಿಂಗೆ?" ಮೌಜಾ ರೊಟ್ಟಿ ಮಡಚಿ ತಟ್ಟೆಗೆ ಹಾಕಿದಳು. "ಅವರ್ಗೆ ಹೋಗೋ ಮನಸಿಲ್ಲ. ಕುರುಡರಿಗೂ ಕಾಣ್ಸುತ್ತೆ. ನೀನು ನರ್ಸಂತೆ!"

"ಈ ದಾರಿ ಅವನ ಕನಸು ಮೌಜಾ. ಹನ್ನೊಂದು ವರ್ಷ ಕೂತು ಬರೆದಿದ್ದಾನೆ."

"ಬರ್ದೋರೇ ನಡೀಬೇಕು ಅಂತ ಇದ್ಯಾ? ತಿರುವು, ಸುಡ್ತಿದೆ."

ಆ ಸಂಜೆ ತೂರಾನ್ ದಡಕ್ಕೆ ಹೋದಳು. ಇರಜ್ ಒಬ್ಬನೇ ಇದ್ದ. ಒಂದು ಪೀಪಾಯಿಯಲ್ಲಿ ನೀರು ತುಂಬಿ, ರಿಪೇರಿಯಾದ ಎಂಜಿನ್ನನ್ನು ಅದರಲ್ಲಿ ಇಳಿಬಿಟ್ಟು ಓಡಿಸಿ ನೋಡುತ್ತಿದ್ದ. ಅವಳನ್ನು ಕಂಡು ಆರಿಸಿದ.

"ನಿಜ ಹೇಳು" ಅಂದಳು. "ನಿಂಗೆ ಸಾಕಾಗಿದೆ, ಅಲ್ವಾ?"

ಅವನು ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳತೊಡಗಿದ. ಒಂದೊಂದೇ ಬೆರಳು. "ಬುಶೆಹರಿನಿಂದ" ಅಂದ.

"ಬುಶೆಹರಿನಿಂದ! ಎರಡು ತಿಂಗಳಾಯ್ತು!"

"ಬೆಳಿಗ್ಗೆ ಚೀಲ ಎತ್ತುವಾಗೆಲ್ಲ ಇವತ್ತು ಹೇಳ್ಬಿಡೋಣ ಅನ್ಕೊಳ್ತಿದ್ದೆ. ಹೊರಡಿಸಿದೋನು ನಾನು. ನೀನು ಅತ್ತಾಗ ಎಳ್ಕೊಂಡು ಬಂದೋನು ನಾನು. ನಾನೇ ಕೂತ್ಬಿಟ್ರೆ ನಿನ್ನ ಮುಖ ಹೇಗೆ ನೋಡ್ಲಿ?"

ಅವಳಿಗೆ ಸಿಟ್ಟು ಬಂತು. ಬರಬೇಕಾದಷ್ಟು ಬರಲಿಲ್ಲ. ಅವನ ಕತ್ತಿನ ನರಗಳನ್ನು, ಬಿಸಿಲಿಗೆ ಕಪ್ಪಾದ ಕಿವಿಗಳನ್ನು ನೋಡಿದಳು. ಇಲ್ಲಿ ಬಂದ ಮೇಲೆ ಅವನು ಒಂದಿಷ್ಟು ಮೈ ತುಂಬಿಕೊಂಡಿದ್ದ.

"ಜಂಜಾನಿಗೆ ಹೋಗೋಣ್ವಾ?" ಅವನೇ ಕೇಳಿದ. "ಇಲ್ಲ ನೌರೂಜ್ ಹಬ್ಬದವರೆಗೆ ಇಲ್ಲೇ ಇರೋಣ. ದರ್ವೀಶ್ ಹೇಳ್ತಿದ್ದ, ಇನ್ನೂ ಏಳು ಎಂಜಿನ್ ಇವೆಯಂತೆ."

"ನೀನು ಇರು" ಅಂದಳು ತೂರಾನ್. "ನಾನು ಹೋಗ್ತೀನಿ."

"ಎಲ್ಲಿಗೆ?"

"ಚಾಬಹಾರಿಗೆ."

ಅವನು ನಕ್ಕ. ಅವಳು ನಗದಿದ್ದುದನ್ನು ಕಂಡು ನಿಲ್ಲಿಸಿದ. "ಒಬ್ಳೇ?"

"ಚೀಲಾನೂ ಬರುತ್ತೆ."

"ತೂರಾನ್, ತಮಾಷೆ ಬೇಡ. ಜಾಸ್ಕ್ ದಾಟಿದ ಮೇಲೆ ಊರೇ ಇಲ್ಲ ಅನ್ನೋ ಹಾಗಿದೆ ದಾರಿ. ಜನ ಏನಂತಾರೆ? ಮಗಳು ಏನಂತಾಳೆ?"

ಮಗಳು ಐಸಾನಳಿಗೆ ಮರುದಿನ ಬೆಳಿಗ್ಗೆ ತೂರಾನಳೇ ಫೋನು ಮಾಡಿದಳು. ಆಚೆ ಕಡೆಯಿಂದ, "ಅಂದ್ರೆ ಅಪ್ಪನ್ನ ದ್ವೀಪದಲ್ಲಿ ಬಿಟ್ಟು ಹೋಗ್ತೀಯಾ? ಬಸ್ಸಲ್ಲಿ ಛತ್ರಿ ಬಿಟ್ಟ ಹಾಗೆ?"

"ಮಾರಾಯ್ತಿ, ಅವನೇ ಇಳಿಯಲ್ಲ ಅಂತಿದ್ದಾನೆ."

"ಅಮ್ಮ, ನೀನು ಮಾರುಕಟ್ಟೆಗೂ ಒಬ್ಳೇ ಹೋಗ್ತಿರ್ಲಿಲ್ಲ."

"ಆಗ ಹೋಗ್ತಿರ್ಲಿಲ್ಲ" ಅಂದಳು ತೂರಾನ್.

ಮೂರು ದಿನ ಇರಜ್ ಎಂಜಿನ್ ಮುಟ್ಟಲಿಲ್ಲ. ಮೊದಲ ದಿನ ವಾದ ಮಾಡಿದ. ಎರಡನೆಯ ದಿನ, ತಾನೂ ಬರುತ್ತೇನೆಂದು ಚೀಲ ಕಟ್ಟಿದ. ಕಟ್ಟಿ, ಬೆನ್ನಿಗೇರಿಸಿಕೊಂಡು, ಬಾಗಿಲಿನ ಬಳಿ ನಿಂತ. ಅವನ ಮೋರೆ ನೋಡಿ ಅವಳೇ ಪಟ್ಟಿ ಸಡಿಲಿಸಿ ಇಳಿಸಿದಳು. ಮೂರನೆಯ ದಿನ ಅವನು ಅವಳ ಚೀಲ ಬಿಚ್ಚಿ ಕೂತ. ಎರಡಾಳಿನ ಗುಡಾರ ಭಾರ ಎಂದು ತೆಗೆದ. ಊರಿನಲ್ಲಿ ಉಳಿಯಬೇಕು, ಬಯಲಲ್ಲಿ ಮಲಗಕೂಡದು ಎಂದ. ಒಲೆ ತೆಗೆದ. ಔಷಧಿಪೆಟ್ಟಿಗೆಯಿಂದ ತನ್ನ ರಕ್ತದೊತ್ತಡದ ಮಾತ್ರೆಗಳನ್ನು ಎತ್ತಿಕೊಂಡ.

"ರಾತ್ರಿದು ಯಾವ್ದು, ಬೆಳಿಗ್ಗೆದು ಯಾವ್ದು?" ಕೇಳಿದ.

ಅವಳು ತೋರಿಸಿದಳು. ಅವನು ಪೊಟ್ಟಣದ ಮೇಲೆ ಬರೆದುಕೊಂಡ.

ಹದಿನಾರನೆಯ ದಿನ ಅವಳು ಹೊರಟಳು. ಮೌಜಾ ಬಟ್ಟೆಯಲ್ಲಿ ಖರ್ಜೂರವನ್ನೂ ಒಣ ರೊಟ್ಟಿಯನ್ನೂ ಕಟ್ಟಿಕೊಟ್ಟು, "ನಿನ್ ಗಂಡನ್ನ ನೋಡ್ಕೊಳ್ತೀವಿ ಅಕ್ಕ. ಆದ್ರೆ ಬಟ್ಟೆ ಅವರೇ ಒಗೀಬೇಕು, ಈಗ್ಲೇ ಹೇಳಿದೀನಿ" ಅಂದಳು. ದರ್ವೀಶ್ ರಿಪೇರಿಯಾದ ಎಂಜಿನ್ನಿನ ದೋಣಿಯನ್ನೇ ತಂದಿದ್ದ. ಇರಜ್ ಮೊಣಕಾಲುದ್ದ ನೀರಿಗಿಳಿದು ಚೀಲ ಹತ್ತಿಸಿಕೊಟ್ಟ. ದೋಣಿ ತಿರುಗುವವರೆಗೂ ಅವನು ನೋಡುತ್ತಿದ್ದದ್ದು ಅವಳನ್ನೋ ಎಂಜಿನ್ನನ್ನೋ ತೂರಾನಳಿಗೆ ಗೊತ್ತಾಗಲಿಲ್ಲ.

"ಉಸ್ತಾ ಒಳ್ಳೆ ಮನುಷ್ಯ" ಎಂದ ದರ್ವೀಶ್, ಗದ್ದಲದ ಮೇಲೆ ಕೂಗಿ.

"ಗೊತ್ತು" ಎಂದು ಅವಳೂ ಕೂಗಿದಳು.

ಮಿನಾಬಿನ ಗುರುವಾರದ ಸಂತೆ, ಸಿರಿಕ್, ಜಾಸ್ಕ್. ಕೆಲವು ದಿನ ನಡೆದಳು, ಕೆಲವು ದಿನ ಮೀನಿನ ಲಾರಿಗಳಲ್ಲಿ ಹೋದಳು. ನರ್ಸ್ ಎಂದು ತಿಳಿದರೆ ಯಾವ ಊರಲ್ಲೂ ಮಲಗಲು ಜಾಗ ಸಿಗುತ್ತಿತ್ತು. ಸಿಕ್ಕ ಬಳಿಕ ಅಜ್ಜಿಯರು ಮಂಡಿ ತೋರಿಸಲು ಸಾಲುಗಟ್ಟುತ್ತಿದ್ದರು. ದರಕ್ ಎಂಬಲ್ಲಿ ಮರಳುಗುಡ್ಡಗಳು ನೇರ ಕಡಲಿಗೇ ಇಳಿಯುವುದನ್ನು ನೋಡಿದಳು. ಅಲ್ಲಿ ಅರ್ಧ ದಿನ ಕೂತಳು. ಇರಜ್ ಇದ್ದಿದ್ದರೆ ಎಂದು ಒಂದೆರಡು ಸಲ ಅನಿಸಿತು. ಇದ್ದಿದ್ದರೆ ಇಷ್ಟು ಹೊತ್ತಿಗೆ ಎಬ್ಬಿಸಿಬಿಡುತ್ತಿದ್ದ ಎಂದೂ ಅನಿಸಿತು. ಇಪ್ಪತ್ತೊಂದನೆಯ ದಿನ ಚಾಬಹಾರ್ ತಲುಪಿ, ಅವನಿಗೆ ಫೋನು ಮಾಡಿ, "ಬಂದೆ" ಎಂದಳು. "ಒಳ್ಳೇದು" ಎಂದ ಅವನು. ಹಿಂದೆ ಯಾರೋ ಕೆಮ್ಮುತ್ತಿದ್ದರು, ಅಥವಾ ಎಂಜಿನ್ನೇ ಇರಬೇಕು.

ಹೊಸವರ್ಷದ ನೌರೂಜ್ ಹಬ್ಬಕ್ಕೆ ಎರಡು ದಿನವಿರುವಾಗ ಇಬ್ಬರೂ ಬೇರೆ ಬೇರೆ ರೈಲಿನಲ್ಲಿ ಜಂಜಾನಿಗೆ ಬಂದಿಳಿದರು. ಬೀದಿಗಳಲ್ಲಿ ಹಿಮ ಕರಗಿ ಕೆಸರಾಗಿತ್ತು. ಹಬ್ಬಕ್ಕೆ ಮಾತಾಡಿಸಲು ಬಂದ ನೆಂಟರು ಪಿಸ್ತಾ ಒಡೆಯುತ್ತ ಪ್ರವಾಸ ಹೇಗಿತ್ತೆಂದು ಕೇಳಿದರು. ಇರಜ್ ಉಪ್ಪುಗಟ್ಟಿದ ಎಂಜಿನ್ನುಗಳ ಬಗ್ಗೆ ಹೇಳಿದ, ತೂರಾನ್ ಮರಳುಗುಡ್ಡಗಳ ಬಗ್ಗೆ. ಇರಜನ ಅಕ್ಕ ಇಬ್ಬರ ಮುಖವನ್ನೂ ಸರದಿಯಂತೆ ನೋಡಿ, "ನೀವಿಬ್ರೂ ಒಟ್ಟಿಗೇ ಹೋಗಿದ್ರಿ ತಾನೇ?" ಅಂದಳು.

"ಹೆಂಗಾಮ್‌ವರೆಗೆ" ಅಂದ ಇರಜ್.

ನೆಂಟರು ಹೋದ ಮೇಲೆ ತೂರಾನ್ ಲೋಟಗಳನ್ನು ತೊಳೆಯುತ್ತಿದ್ದಳು. ಇರಜ್ ಒರೆಸಿಡಲು ಬಂದು ಪಕ್ಕದಲ್ಲಿ ನಿಂತ. ಎಂದೂ ಬರದವನು.

"ಭಯ ಆಯ್ತಾ, ಒಬ್ಳೇ ಇದ್ದಾಗ?"

"ಒಂದ್ಸಲ" ಅಂದಳು.

ಅವನು ಇನ್ನೊಂದು ಲೋಟ ತೆಗೆದುಕೊಂಡು, ತಳದವರೆಗೆ ಬಟ್ಟೆ ತೂರಿಸಿ ಒರೆಸಿ, ಬೆಳಕಿಗೆ ಹಿಡಿದು ನೋಡಿ ಇಟ್ಟ.

"ಚಳಿಗಾಲ ಬಂದ್ರೆ ದರ್ವೀಶ್ ಬಾ ಅಂದಿದ್ದಾನೆ" ಅಂದ.

"ಹೋಗು" ಅಂದಳು ತೂರಾನ್. "ನಾನು ಉತ್ತರಕ್ಕೆ ಹೋಗೋಣ ಅಂತಿದ್ದೀನಿ, ಕಾಡಿನ ದಾರೀಲಿ. ಆ ಕಡೆದು ನಕ್ಷೆ ನಿನ್ ಹತ್ರ ಇದ್ಯಾ?"

ಅವನು ಕೈ ಒರೆಸಿಕೊಂಡು ಹುಡುಕಲು ಹೋದ.