ಉಪ್ಪಿನ ಫ್ರೆಂಚ್ ಹೆಸರು

ಟಕ್ ಎಂದು ಕತ್ತಲಲ್ಲಿ ಮಣಿ ಉರುಳಿದ ಸದ್ದಾಯಿತು. ಪಾಠ ಹೇಳಿಕೊಳ್ಳುತ್ತಿದ್ದ ಇಂದು ಬಾಯಿ ಮುಚ್ಚಿದಳು. ಸದ್ದೂ ನಿಂತಿತು.

"ಪ್ಯಾಂ" ಎಂದು ಪಿಸುಗುಟ್ಟಿದಳು. ಫ್ರೆಂಚಿನಲ್ಲಿ ರೊಟ್ಟಿ. ಟಕ್. "ಲೇ", ಹಾಲು. ಟಕ್.

ಪಕ್ಕದ ಹಾಸಿಗೆಯಲ್ಲಿ ಅಜ್ಜಿ ಮಾಣಿಕಬಾಯಿ ಎಚ್ಚರವಿದ್ದರು. ಮೊಮ್ಮಗಳ ಒಂದೊಂದು ಶಬ್ದಕ್ಕೆ ಒಂದೊಂದು ಜಪಮಣಿ ಸರಿಸುತ್ತಿದ್ದರು.

ಮಿರಜಿನ ಆ ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತಿತ್ತು; ಹುಳಗಳು ಬಿದ್ದು ಸತ್ತಾವೆಂದು ದೀಪವನ್ನೂ ಬೇಗ ಆರಿಸುತ್ತಿದ್ದರು. ಹಗಲು ಬರೆದುಕೊಂಡದ್ದನ್ನು ಅವಳು ಕತ್ತಲಲ್ಲೇ ಬಾಯಿಪಾಠ ಮಾಡಬೇಕು. ಸಾಂಗ್ಲಿಯ ಹಾದಿಯ ಕಾಲೇಜಿಗೆ ಅಪ್ಪ ಧನಪಾಲರು ಅವಳನ್ನು ಕಳಿಸಿದ್ದು ಒಂದೇ ಕರಾರಿನ ಮೇಲೆ: ಜೈನ ಆಗಮಗಳ ಪ್ರಾಕೃತ ಭಾಷೆ ಅರ್ಧಮಾಗಧಿ ಕಲಿಯಬೇಕು. ಇಲ್ಲವಾದರೆ ಸಮಡೋಳಿಯಲ್ಲಿ ವರ ಸಿದ್ಧನಿದ್ದಾನೆ. ಅವಳು ಮಾತ್ರ ಅರ್ಜಿಯಲ್ಲಿ ಫ್ರೆಂಚ್ ಎಂದು ಬರೆದಿದ್ದಳು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದನ್ನಾದರೂ ಕಲಿಯಬೇಕೆಂಬ ಹಟ.

ಈಗ ನಾಲ್ಕನೆಯ ಪಾಠ, ತಿನ್ನುವ ಪದಾರ್ಥಗಳದು. ರೊಟ್ಟಿ, ಹಾಲು, ಉಪ್ಪು ಆದಮೇಲೆ ಮೀನು. ಆ ಹೆಸರನ್ನು ಕನ್ನಡದಲ್ಲೇ ಆಡದ ನಾಲಿಗೆ ತಡವರಿಸಿತು. "ಪ್ವಾಸೊಂ." ಟಕ್. ಸ್ತೋತ್ರವೆಂದು ನಂಬಿ ಅಜ್ಜಿ ಮೀನಿಗೂ ಜಪ ಮಾಡಿದರಲ್ಲ! ಈ ಪಾಪ ಯಾರ ತಲೆಗೆ?

ಮರುದಿನ ಇಳಿಹೊತ್ತಿಗೆ ಆದಪ್ಪ ಕಾಕಾ ಬಂದರು. ಸಾಂಗ್ಲಿ ಸಂಸ್ಥಾನದ ಕಚೇರಿಯಲ್ಲಿ ಕಾರಕೂನರು, ಆ ವರನ ಸೋದರಮಾವ. ಅವರ ಮಗನೂ ಅದೇ ಕಾಲೇಜಿನಲ್ಲಿದ್ದ. ಮಳೆ ಬೆಳೆಯ ಮಾತೆಲ್ಲ ಮುಗಿಸಿ ಕಾಕಾ ಮೆಲ್ಲಗೆ ತೆಗೆದರು:

"ಅರ್ಧಮಾಗಧಿ ವರ್ಗದಾಗ ನಿಮ್ಮ ಹುಡುಗಿ ಕಂಡೇ ಇಲ್ಲಂತಲ್ಲ, ಧನಪಾಲ. ಮಾಯಾ ಆಗೂ ವಿದ್ಯಾನೂ ಕಲಸ್ತಾರೇನ ಅಲ್ಲಿ?"

ಅಪ್ಪ ಇಂದುವಿನತ್ತ ನೋಡಲಿಲ್ಲ. ಸುಳ್ಳಾಡದ ವ್ರತ ಹಿಡಿದ ತಾಯಿಯತ್ತ ತಿರುಗಿದರು. "ಅವ್ವಾ, ನಿಮ್ಮ ಮಗ್ಗಲದಾಗ ಮಲಗ್ತಾಳ. ಏನ ಓದ್ತಾಳ್ರಿ ಈಕಿ?"

ಇಂದು ಕಂಬದ ಮರೆಗೆ ಸರಿದಳು.

"ನನಗ ಅರ್ಥ ಎಲ್ಲಿ ತಿಳೀಬೇಕು," ಎಂದರು ಅಜ್ಜಿ. "ದಿನಾ ರಾತ್ರಿ ಬಾಯಿಪಾಠ ಮಾಡ್ತಾಳ. ಆಕಿ ಅಂದಷ್ಟೂ ನಾ ಮಣಿ ಸರಸೇನಿ."

ಅಪ್ಪನ ಮುಖ ಸಡಿಲವಾಯಿತು. ಗೋಡೆಯಾಚೆಯಿಂದ ಮಣಿಯ ಸದ್ದು ತಾನೂ ಕೇಳಿದ್ದುಂಟು ಎಂದರು. ಆದಪ್ಪ ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು ಎದ್ದರು.

ಇಂದು ಒಳಗೆ ಹೋಗಿ ಅಜ್ಜಿಯ ಕಾಲು ಹಿಡಿದಳು. ಅದು ಸ್ತೋತ್ರವಲ್ಲ ಎಂದು ಹೇಳುವಷ್ಟರಲ್ಲಿ ಅಜ್ಜಿ ಅವಳ ಬಾಯಿಗೆ ಕೈ ಅಡ್ಡವಿಟ್ಟರು.

"ಅರವತ್ತ ವರ್ಷ ಆತು, ಪ್ರಾಕೃತದ ಣಮೋಕಾರ ಮಂತ್ರಾ ಅನಕೋಂತ ಬಂದೇನಿ. ಆ ಭಾಷಾದ ದನಿ ನನಗ ಗೊತ್ತಿಲ್ಲೇನ? ನಿಮ್ಮಪ್ಪನ ಕಿವಿಗೆ ಬರೇ ಪಿಸುಪಿಸು ಬೀಳಬಾರದಂತ ಮಣಿ ಸರಸೇನಿ. ಜಪಾ ಮಾಡಿಲ್ಲ."

ಮಾರನೆಯ ದಿನ ಅಜ್ಜಿ ತಮಗೆ ಉಪ್ಪಿಲ್ಲದ ಬೇಳೆ ಬಡಿಸಲು ಹೇಳಿದರು. ಒಂದು ತಿಂಗಳು ಹೀಗೇ ಎಂದರು. ಸೊಸೆ ಕಾರಣ ಕೇಳಿದ್ದಕ್ಕೆ, ಹೊರೆಯೊಂದಿದೆ, ಇಳಿಸಬೇಕು ಎಂದಷ್ಟೇ ಉತ್ತರ. ಮಾಡಿದ ತಪ್ಪಿಗೆ ನಾಲಿಗೆಯ ರುಚಿಯೊಂದನ್ನು ಬಿಡುವುದು ಆ ಮನೆಯ ರೂಢಿ. ತಪ್ಪು ಯಾವುದೆಂದು ಇಂದುವಿಗೆ ಮಾತ್ರ ತಿಳಿಯಿತು.

ಆ ರಾತ್ರಿ ರೊಟ್ಟಿ, ಹಾಲು ಆದಮೇಲೆ ಅವಳು ಉಪ್ಪಿನ ಹೆಸರಿಗೆ ಬಂದು ತಡೆದಳು. ಕತ್ತಲಲ್ಲಿ ಅಜ್ಜಿಯ ಮಣಿ ಕಾದಿತ್ತು. ಗೋಡೆಯಾಚೆ ಅಪ್ಪ ಮಗ್ಗುಲು ಬದಲಿಸಿದರು. ಎದ್ದುಹೋಗಿ ಎಲ್ಲ ಒಪ್ಪಿಕೊಂಡರೆ? ಹೋಗುವುದು ತನ್ನ ಕಾಲೇಜು ಮಾತ್ರವಲ್ಲ, ಸುಳ್ಳಾಡದವರೆಂಬ ಅಜ್ಜಿಯ ಹೆಸರೂ ಹೋಗುತ್ತದೆ. ನಡೆದದ್ದನ್ನು ಯಾರಿಗೂ, ಎಂದಿಗೂ ಹೇಳಬಾರದೆಂದು ನಿಶ್ಚಯಿಸಿ ಅವಳು ಮೆಲ್ಲಗೆ "ಸೆಲ್" ಎಂದಳು.