ದೇವಿರಮ್ಮನ ಹಲಗೆ

ದೇವಿರಮ್ಮ ತೀರಿಕೊಂಡದ್ದು ವೈಶಾಖ ಬಹುಳದ ಒಂದು ಬೆಳಗ್ಗೆ, ಹಾಲಿನವನು ಬರುವ ಹೊತ್ತಿಗೆ. ಮುತ್ತೈದೆಯಾಗಿ ಹೋದಳು, ನರಳದೆ ಹೋದಳು, ಪುಣ್ಯವಂತೆ ಎಂದು ಓಣಿಯ ಹೆಂಗಸರು ಹೇಳಿದರು. ಗಂಡ ನಿಂಗಯ್ಯನಿಗೆ ಆ ಮಾತು ಸಂಜೆಯವರೆಗೆ ಆಸರೆಯಾಗಿತ್ತು. ಮಣ್ಣು ಮಾಡಿ ಬಂದು, ಮಿಂದು, ಜಗುಲಿಯ ಮೇಲೆ ಕೂತಾಗ ಲಕ್ಷ್ಮೀನರಸಿಂಹ ಜೋಯಿಸರು ಪಂಚಾಂಗ ಬಿಡಿಸಿ ನೋಡಿದರು. ಮತ್ತೊಮ್ಮೆ ನೋಡಿದರು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು.

"ಧನಿಷ್ಠಾ ನಕ್ಷತ್ರದಲ್ಲಿ ಹೋಗಿದ್ದಾಳೆ ಕಣಯ್ಯ ನಿಂಗಯ್ಯ, ಮನೆಗೆ ದೋಷ. ಆರು ತಿಂಗಳು ಮನೆ ಬಿಡಬೇಕು. ಬಾಗಿಲಿಗೆ ಮುಳ್ಳು ಬಡಿದು ಹೊರಡಿ. ಕಾರ್ತಿಕದಲ್ಲಿ ಶಾಂತಿ ಮಾಡಿಸಿ ಒಳಗೆ ಬರಬಹುದು."

"ಆಗಲಿ ಸ್ವಾಮಿ."

"ಇನ್ನೊಂದು ಮಾತು. ಆಕೆ ದಿನಾ ಬಳಸಿದ್ದು ಯಾವುದನ್ನೂ ಹೋದ ಕಡೆ ಇಟ್ಟುಕೊಳ್ಳಬೇಡಿ. ಕೂತ ಮಣೆ, ಹೊದ್ದ ಕಂಬಳಿ, ಕುಡಿದ ಚೊಂಬು, ಒಂದೂ ಬೇಡ. ಹೋದ ಜೀವಕ್ಕೆ ಅವುಗಳ ಮೇಲೆ ಆಸೆ ಉಳಿದಿರುತ್ತೆ. ಬಂದು ಅಲ್ಲೇ ಕೂತುಬಿಟ್ಟರೆ ಮುಂದಿನ ದಾರಿ ತಪ್ಪುತ್ತೆ."

ನಿಂಗಯ್ಯ ತಲೆದೂಗಿದ. ಅವನು ದೇವರಿಗೆ ಹೆದರುವ ಮನುಷ್ಯ. ಹೆಣ್ಣುಮಕ್ಕಳ ಸ್ಕೂಲಿನ ಬಸ್ಸನ್ನು ಹದಿನೇಳು ವರ್ಷ ಓಡಿಸಿದ್ದ. ಒಂದು ದಿನವೂ ಚಾಮುಂಡಿಬೆಟ್ಟದ ಕಡೆ ತಿರುಗಿ ಕೈ ಮುಗಿಯದೆ ಸ್ಟೇರಿಂಗು ಹಿಡಿದವನಲ್ಲ. ಜೋಯಿಸರ ಮಾತು ಸುಳ್ಳಿರಬಹುದೇ ಎಂದು ಅವನ ಮನಸ್ಸಿಗೆ ಬರಲಿಲ್ಲ. ದೇವಿರಮ್ಮನ ಮಣೆ, ಕಂಬಳಿ, ಚೊಂಬು ಎಲ್ಲವನ್ನೂ ಒಳಗೇ ಬಿಟ್ಟು, ಬಾಗಿಲಿಗೆ ಜಾಲಿಮುಳ್ಳಿನ ಕೊಂಬೆ ಅಡ್ಡ ಬಡಿದು, ವಿಧವೆಯಾಗಿ ತನ್ನ ಮನೆಯಲ್ಲೇ ಇದ್ದ ಅಕ್ಕ ಬೆಟ್ಟಮ್ಮನನ್ನು ಕರೆದುಕೊಂಡು ಬೀದಿಗೆ ಇಳಿದ.

ಇಳಿದದ್ದೇನೋ ಸರಿ, ಹತ್ತುವುದಕ್ಕೆ ಮನೆ ಸಿಗಲಿಲ್ಲ. ಅಗ್ರಹಾರದಲ್ಲಿ ಕೇಳಿದ, ಲಕ್ಷ್ಮೀಪುರದ ಹಿಂದಿನ ಸಾಲುಗಳಲ್ಲಿ ಕೇಳಿದ. ಮೊದಲು ಒಳಗೆ ಕರೆದು ಕೂರಿಸುತ್ತಿದ್ದರು. ಎಷ್ಟು ದಿನಕ್ಕೆ ಬೇಕು ಎಂದು ಕೇಳುತ್ತಿದ್ದರು. ಆರು ತಿಂಗಳು ಎಂದೊಡನೆ ಮುಖ ನೋಡಿ, "ಧನಿಷ್ಠೆಯಾ?" ಎನ್ನುತ್ತಿದ್ದರು. ಆಮೇಲೆ ಅವರ ಮನೆಗೆ ಯಾರೋ ನೆಂಟರು ಬರುವವರಿರುತ್ತಿದ್ದರು. ನಿಂಗಯ್ಯನಿಗೆ ಅವರ ಮೇಲೆ ಕೋಪ ಬರಲಿಲ್ಲ. ತಾನಾದರೂ ಹಾಗೆಯೇ ಹೇಳುತ್ತಿದ್ದ. ಛತ್ರದಲ್ಲಿ ಮೂರು ದಿನ ಇದ್ದರು. ನಾಲ್ಕನೆಯ ದಿನ ಅಲ್ಲಿಂದಲೂ ಎಬ್ಬಿಸಿದರು. ಕಾಲು ಸೋತು, ಮಂಡಿ ಮೊಹಲ್ಲಾದಲ್ಲಿ ಬಡಗಿ ಜವರಪ್ಪನ ಕೊಟ್ಟಿಗೆಯ ಮುಂದೆ ಗಂಟು ಇಳಿಸಿ ಕೂತರು.

ಜವರಪ್ಪ ಹಳೆಯ ಪರಿಚಯ. ಬಸ್ಸಿನ ಮೈ ಮುರಿದಾಗ, ಕಿಟಕಿ ಸಡಿಲಾದಾಗ ರಿಪೇರಿ ಮಾಡಿಕೊಡುತ್ತಿದ್ದವನು ಅವನೇ. ಹಿಂದಿನ ವರ್ಷ ಸ್ಕೂಲಿನವರು ಹೊಸ ಬಸ್ಸು ತಂದು ಹಳೆಯದನ್ನು ಮಾರಿದಾಗ, ಎಂಜಿನ್ನು ಯಾರೋ ಕಳಚಿಕೊಂಡು ಹೋದರು, ಮರದ ಮೈಯನ್ನು ಜವರಪ್ಪ ತಂದು ಹಿತ್ತಲಿನ ಹೊಂಗೆಮರದ ಕೆಳಗೆ ನಿಲ್ಲಿಸಿಕೊಂಡಿದ್ದ.

"ಯಾಕಣ್ಣ ಊರೆಲ್ಲಾ ಸುತ್ತೀರಿ? ನಿಮ್ಮ ಬಸ್ಸು ಇಲ್ಲೇ ಬಿದ್ದದಲ್ಲ. ಸೀಟು ಕಿತ್ತಾಕಿ ಒಲೆ ಹೂಡಿ" ಎಂದ ಜವರಪ್ಪ.

"ಬಸ್ಸಲ್ಲಿ ಸಂಸಾರ ಮಾಡಕ್ಕಾದದಾ?" ಎಂದಳು ಬೆಟ್ಟಮ್ಮ.

"ಯಾಕಾಗಲ್ಲ ಬೆಟ್ಟಮ್ಮಾರೆ? ಇಪ್ಪತ್ತಾರು ಕಿಟಕಿ ಅವೆ. ಅರಮನೇಲಿದ್ದಂಗೆ ಗಾಳಿ ಬತ್ತದೆ. ಆದರೆ ಒಂದು, ಗೃಹಪ್ರವೇಶ ಮಾಡಬೇಕೋ ಆಯುಧಪೂಜೆ ಮಾಡಬೇಕೋ, ಅದೊಂದ ಜೋಯಿಸರನ್ನ ಕೇಳಿಕೊಳ್ಳಿ."

ದೇವಿರಮ್ಮ ಹೋದ ಮೇಲೆ ಮೊದಲ ಸಲ ಬೆಟ್ಟಮ್ಮನ ತುಟಿ ಸ್ವಲ್ಪ ಸಡಿಲಿತು. ನಿಂಗಯ್ಯ ಮಾತ್ರ ನಗಲಿಲ್ಲ. ಅವನು ಆಗಲೇ ಎದ್ದು ಹಿತ್ತಲಿಗೆ ನಡೆದಿದ್ದ.

ಕೆಲಸ ಮರುದಿನವೇ ಶುರುವಾಯಿತು. ಗಾಲಿಗಳು ಇರಲಿಲ್ಲ; ನಾಲ್ಕು ಮೂಲೆಗೂ ಚಪ್ಪಡಿ ಕಲ್ಲು ಕೊಟ್ಟು ಅಲುಗಾಡದ ಹಾಗೆ ನಿಲ್ಲಿಸಿದರು. ಜವರಪ್ಪ ಮೀಟುಗೋಲು ಹಾಕಿ ಹಿಂದಿನಿಂದ ಸೀಟುಗಳನ್ನು ಎಬ್ಬಿಸುತ್ತ ಬಂದ. ಸೀಟಿನ ಕೆಳಗಿನಿಂದ ಬಳಪದ ಚೂರು, ಮುರಿದ ಬಳೆ, ತಲೆಪಿನ್ನು, ಒಣಗಿದ ಹುಣಿಸೆಬೀಜ ಎಲ್ಲ ಹೊರಬಿದ್ದವು. ಬೆಟ್ಟಮ್ಮ ಗುಡಿಸಿ ಗುಡಿಸಿ ಬೈದಳು: "ಓದಕ್ಕೆ ಹೋಗ್ತಿದ್ದವೋ ತಿನ್ನಕ್ಕೆ ಹೋಗ್ತಿದ್ದವೋ ಈ ಮಕ್ಕಳು!" ಎರಡು ಸೀಟಿನ ಹಲಗೆ ಸೇರಿಸಿ ಮಲಗುವ ಮಂಚವಾಯಿತು. ಡ್ರೈವರು ಕೂರುವ ಕಡೆ ತಗಡು ಹಾಸಿ, ಮಣ್ಣು ಮೆತ್ತಿ, ಒಲೆ ಹೂಡಿದರು. ಹೊಗೆ ಹೋಗಲು ಮುಂದಿನ ಗಾಜು ತೆಗೆದರು. ಕೊನೆಗೆ ಜವರಪ್ಪ ಬಾಗಿಲ ಪಕ್ಕದ ಒಂಟಿ ಸೀಟಿಗೆ ಮೀಟುಗೋಲು ಹಾಕಿದ.

"ಅದನ್ನ ಬುಡು" ಎಂದ ನಿಂಗಯ್ಯ.

ಜವರಪ್ಪ ಕೈ ತೆಗೆದ. ಬೆಟ್ಟಮ್ಮ ಪೊರಕೆ ನಿಲ್ಲಿಸಿ ತಮ್ಮನನ್ನು ನೋಡಿದಳು.

ಅದು ದೇವಿರಮ್ಮನ ಜಾಗ. ಬಸ್ಸಿಗೆ ಆಯಾ ಬೇಕೆಂದು ಸ್ಕೂಲಿನವರು ಕೇಳಿದಾಗ ನಿಂಗಯ್ಯ ಹೆಂಡತಿಯನ್ನೇ ಕರೆತಂದಿದ್ದ. ಅವರಿಗೆ ಮಕ್ಕಳಿರಲಿಲ್ಲ. ಮೊದಲ ವರ್ಷವೇ ಬಾಗಿಲಿನ ಚಿಲಕ ಕೆಟ್ಟಿತು. ದೇವಿರಮ್ಮ ಆ ಹಲಗೆಯ ಮೇಲೆ ಕೂತು ಎರಡು ಕಾಲನ್ನೂ ಬಾಗಿಲಿಗೆ ಅಡ್ಡ ಚಾಚಿ ಮಕ್ಕಳನ್ನು ಬೀಳದ ಹಾಗೆ ಕಾಯ್ದಳು. ಚಿಲಕ ಸರಿಯಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಲಕ್ಷ್ಮೀಪುರದ ಒಂದೊಂದು ಮನೆಯ ಮುಂದೆಯೂ ಬಗ್ಗಿ, "ಪಂಕಜಾ, ಬಸ್ಸು ಬಂತು ಕಣಮ್ಮಾ, ಜಡೆ ಇಲ್ಲೇ ಹಾಕ್ತೀನಿ ಬಾ" ಎಂದು ಕೂಗುವಳು. ನಿಂಗಯ್ಯ ಬಸ್ಸು ಓಡಿಸುವಾಗ ಮಾತಾಡುತ್ತಿರಲಿಲ್ಲ, ತಿರುಗಿ ನೋಡುತ್ತಲೂ ಇರಲಿಲ್ಲ. ಬೆನ್ನ ಹಿಂದೆ ಆ ದನಿ ಇದ್ದರೆ ಸಾಕಾಗಿತ್ತು. ಹದಿನೇಳು ವರ್ಷ ಕೂತು ಹಲಗೆ ನಡುವೆ ತಗ್ಗಾಗಿತ್ತು.

"ನಿಂಗ" ಎಂದಳು ಬೆಟ್ಟಮ್ಮ, "ಅವಳು ಕೂತ ಮಣೆ ಇರಬಾರದು ಅಂದ್ರು ಜೋಯಿಸ್ರು."

"ಹೋದ ಕಡೆ ತಕ್ಕೊಂಡು ಹೋಗಬೇಡಿ ಅಂದ್ರು. ನಾವೇನ್ ತಂದ್ವಾ? ಅದು ಮೊದಲೇ ಇಲ್ಲಿತ್ತು."

"ಇಲ್ಲಿತ್ತು ಅಂತ ನಿಂಗೆ ಗೊತ್ತಿತ್ತು. ಗೊತ್ತಿದ್ದೇ ಬಂದೆ. ನನ್ನ ಕಣ್ಣಿಗೆ ಮಣ್ಣೆರಚಬೇಡ ಕಣ್ಲಾ. ಜವರಪ್ಪ ಮಾತು ಮುಗಿಸಕ್ಕೆ ಮುಂಚೇನೇ ಎದ್ದು ಓಡಿದೋನು ನೀನು."

ನಿಂಗಯ್ಯ ಕೆಳಗೆ ಬಿದ್ದಿದ್ದ ಮೊಳೆಗಳನ್ನು ಆಯತೊಡಗಿದ.

"ನಂಗೇನಾಗ್ತದೆ ಅಂತ ಹೆದರಿ ಹೇಳ್ತಾ ಇಲ್ಲ" ಎಂದಳು ಬೆಟ್ಟಮ್ಮ, ದನಿ ತಗ್ಗಿಸಿ. "ನಾನು ಹೋಗೋಳೇ. ಅವಳ ದಾರಿ ಯಾಕೆ ಕೆಡಿಸ್ತೀಯಾ? ಬದುಕಿದ್ದಾಗ ಒಂದು ದಿನ ಸುಮ್ಮನೆ ಕೂತವಳಲ್ಲ. ಸತ್ತ ಮೇಲೂ ಕಾಲು ಅಡ್ಡ ಇಟ್ಕೊಂಡು ಬಾಗಿಲು ಕಾಯಬೇಕಾ?"

ಆ ಮಾತು ನಿಂಗಯ್ಯನಿಗೆ ಚೆನ್ನಾಗಿ ನಾಟಿತು. ಅಂದು ಊಟ ಸೇರಲಿಲ್ಲ. ಹಲಗೆ ಕಿತ್ತರೆ ಅವಳನ್ನು ಎರಡನೆಯ ಸಲ ಮನೆಯಿಂದ ಹೊರಕ್ಕೆ ಸಾಗಿಸಿದ ಹಾಗೆ. ಕೀಳದಿದ್ದರೆ ಅವಳು ಎಲ್ಲಿಗೂ ಹೋಗಲಾರದೆ ಇಲ್ಲೇ ಉಳಿದ ಹಾಗೆ. ಅವಳು ಇಲ್ಲಿ ಉಳಿಯಲಿ ಎಂದೇ ಅಲ್ಲವೇ ತಾನು ಬಯಸಿದ್ದು? ಇಷ್ಟು ಕಾಲ ದೇವರಿಗೆ ಕೈ ಮುಗಿದು ಇಂಥ ಬಯಕೆ ಇಟ್ಟುಕೊಂಡೆನಲ್ಲಾ ಎಂದು ನಾಚಿಕೆಯಾಯಿತು. ಆದರೂ ಬಯಕೆ ಹೋಗಲಿಲ್ಲ. ಮರುದಿನ ಜೋಯಿಸರ ಮನೆಗೆ ನಡೆದ.

ಜೋಯಿಸರು ಎಲ್ಲವನ್ನೂ ಕೇಳಿದರು. ಅವರಿಗೂ ಎಪ್ಪತ್ತು ದಾಟಿತ್ತು; ಹೆಂಡತಿ ಹೋಗಿ ಬಹಳ ವರ್ಷಗಳಾಗಿದ್ದವು.

"ಪಂಚಾಂಗದಲ್ಲಿ ಬಸ್ಸಿನ ವಿಚಾರ ಬರೆದಿಲ್ಲ ಕಣಯ್ಯ" ಎಂದರು ಕೊನೆಗೆ. "ನನಗೆ ತಿಳಿದಷ್ಟು ಹೇಳ್ತೀನಿ. ಆಕೆ ಕೂರುತ್ತಿದ್ದ ಜಾಗ ಕೂರೋ ಜಾಗವಾಗಿ ಇರಕೂಡದು. ಕಿತ್ತ ಮರವನ್ನ ಏನು ಮಾಡ್ತೀಯೋ ನಿನಗೆ ಬಿಟ್ಟದ್ದು. ಸುಡು ಅಂತ ನಾನು ಹೇಳೋದಿಲ್ಲ." ನಿಂಗಯ್ಯ ಎದ್ದು ನಿಂತಾಗ ಮತ್ತೆ ಕರೆದರು. "ಬಸ್ಸಿಗೆ ಹೊಸಿಲು ಇದೆಯೇನಯ್ಯ?"

"ಇಲ್ಲ ಸ್ವಾಮಿ. ಮೆಟ್ಟಿಲು ಅದೆ."

"ಹೊಸಿಲಿಲ್ಲದ ಕಡೆ ದೀಪ ಹಚ್ಚಬೇಡ. ಒಂದು ಮರ ಅಡ್ಡ ಹಾಕಿಸು. ಆಮೇಲೆ ಒಲೆ ಹೊತ್ತಿಸು."

ಹಿಂದಿರುಗುವ ದಾರಿಯುದ್ದಕ್ಕೂ ನಿಂಗಯ್ಯ ಆ ಎರಡು ಮಾತನ್ನೂ ಬೇರೆ ಬೇರೆಯಾಗಿಯೇ ಹೊತ್ತು ಬಂದ. ಜವರಪ್ಪ ಹೊಸಿಲಿಗೆ ಮರ ಹುಡುಕುತ್ತ, "ಉಳಿದಿರೋದೆಲ್ಲ ಮತ್ತಿ, ಹೊನ್ನೆ. ಹೊಸಿಲಿಗೆ ತೇಗ ಆದ್ರೆ ಚಂದ. ತೇಗ ಅಂದ್ರೆ…" ಎಂದು ಬಾಗಿಲ ಪಕ್ಕದ ಹಲಗೆಯ ಕಡೆ ನೋಡಿದ. ಆಗ ನಿಂಗಯ್ಯನಿಗೆ ಹೊಳೆಯಿತು.

ಅವನು ಅಕ್ಕನ ಮುಖ ನೋಡಿದ. ಅಕ್ಕ ಹಲಗೆಯನ್ನು ನೋಡಿದಳು.

"ಹೊಸಿಲ ಮೇಲೆ ಯಾರೂ ಕೂರಬಾರದು" ಎಂದಳು ನಿಧಾನವಾಗಿ. "ಅದು ಅವಳಿಗೂ ಗೊತ್ತು. ಅವಳು ಕೂರಲ್ಲ. ಹಾಕ್ಸು."

ಮೀಟುಗೋಲನ್ನು ನಿಂಗಯ್ಯ ತಾನೇ ಇಸಕೊಂಡ. ಮೊಳೆಗಳು ತುಕ್ಕು ಹಿಡಿದಿದ್ದವು. ಒಂದೊಂದೂ ಬಿಡುವಾಗ ಕಿರುಗುಟ್ಟಿತು. ಎರಡು ಸಲ ಕೂತು ಸುಧಾರಿಸಿಕೊಂಡ. ಜವರಪ್ಪ ಸಹಾಯಕ್ಕೆ ಬರಲಿಲ್ಲ. ಹಲಗೆ ಬಂದ ಮೇಲೆ ತುದಿ ಕೊಯ್ದು ಅಳತೆಗೆ ತಂದು, "ತಗ್ಗನ್ನ ಕೀಸಿ ಸಮ ಮಾಡ್ಲಾ ಅಣ್ಣ?" ಎಂದ.

"ಬ್ಯಾಡ."

ಹೊಸಿಲು ಕೂತಿತು. ಈಗ ಇನ್ನೊಂದು ತೊಡಕು ಬಂತು. ಹೊಸಿಲಿಗೆ ದಿನಾ ಅರಿಸಿನ ಕುಂಕುಮ ಆಗಬೇಕು. "ನಾನು ಮುಟ್ಟೋ ಹಂಗಿಲ್ಲ. ನನ್ನ ಹಣೇಲೇ ಇಲ್ಲದ್ದನ್ನ ಅವಳ ಹಲಗೆಗೆ ನಾನು ಹಚ್ಚಲ್ಲ. ಮುತ್ತೈದೆಯಾಗಿ ಹೋದೋಳು" ಎಂದುಬಿಟ್ಟಳು ಬೆಟ್ಟಮ್ಮ. ಹಾಗಾಗಿ ಆ ಕೆಲಸ ನಿಂಗಯ್ಯನ ಪಾಲಿಗೆ ಬಂತು. ಬೆಳಗ್ಗೆ ಎದ್ದು, ಮಿಂದು, ಬೆಟ್ಟಕ್ಕೆ ಕೈ ಮುಗಿದು, ಮೆಟ್ಟಿಲ ಬಳಿ ಕುಕ್ಕರುಗಾಲಿನಲ್ಲಿ ಕೂತು ಹಲಗೆಯನ್ನು ತೊಳೆಯುವನು. ಅರಿಸಿನ ಬಳಿದರೆ ಅರ್ಧ ತನ್ನ ಮೈಗೇ ಆಗುತ್ತಿತ್ತು. ಕುಂಕುಮದ ಬೊಟ್ಟುಗಳು ಒಂದು ದೊಡ್ಡದು, ಒಂದು ಸಣ್ಣದು. ನಲ್ಲಿಗೆ ಬರುವ ಹೆಂಗಸರು ನಿಂತು ನೋಡಿದರು.

"ಏನ್ ನಿಂಗಯ್ಯಣ್ಣ, ನಾಳೆಯಿಂದ ರಂಗೋಲಿನೂ ನೀವೇನಾ?" ಎಂದಳು ಎದುರುಮನೆಯ ಮಹದೇವಮ್ಮ.

"ನೀನು ಕಲಿಸಿದ್ರೆ ಹಾಕ್ತೀನಿ ಕಣವ್ವ" ಎಂದ ನಿಂಗಯ್ಯ. ಮಹದೇವಮ್ಮ ನಕ್ಕಳು, ಮರುದಿನ ತಾನೇ ಬಂದು ಮೆಟ್ಟಿಲ ಕೆಳಗೆ ನಾಲ್ಕು ಎಳೆ ಹಾಕಿ ಹೋದಳು. ಹಲಗೆಯನ್ನು ಮಾತ್ರ ಮುಟ್ಟಲಿಲ್ಲ.

ದಿನಗಳು ಹೋದವು. ಆಷಾಢದ ಗಾಳಿಗೆ ಇಪ್ಪತ್ತಾರು ಕಿಟಕಿಯೂ ಹಲ್ಲು ಕಡಿದ ಹಾಗೆ ಸದ್ದು ಮಾಡಿದವು. ಮಳೆ ಬಂದಾಗ ಸೋರಿತು. ಬೆಟ್ಟಮ್ಮನಿಗೆ ಮಂಡಿ ನೋವು ಹೆಚ್ಚಾಗಿ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಹತ್ತುವಾಗಲೆಲ್ಲ ಬಸ್ಸನ್ನು ಬೈಯುವಳು, ಹೊಸಿಲು ದಾಟುವಾಗ ಬೈಗುಳ ನಿಲ್ಲಿಸುವಳು. ಆಯುಧಪೂಜೆಯ ದಿನ ಜವರಪ್ಪ ಉಳಿ, ಗರಗಸಕ್ಕೆ ಪೂಜೆ ಮಾಡಿ ಬೂದುಗುಂಬಳ ಹಿಡಿದುಕೊಂಡು ಬಂದ.

"ಈ ವರ್ಷ ನಮಗೆ ಹಬ್ಬ ಇಲ್ಲ ಜವರಪ್ಪ."

"ನಿಮಗಿಲ್ಲ ಅಣ್ಣ. ಬಸ್ಸಿಗೇನಾಗದೆ?" ಎಂದು ಅವನು ಒಲೆಯ ಪಕ್ಕ ಇನ್ನೂ ಉಳಿದಿದ್ದ ಸ್ಟೇರಿಂಗಿಗೆ ಒಂದು ಸೇವಂತಿಗೆ ಸಿಕ್ಕಿಸಿ ಹೋದ.

ನಿಂಗಯ್ಯ ಕಿವಿಗೊಟ್ಟು ಕೂರುತ್ತಿದ್ದ ದಿನಗಳೂ ಇದ್ದವು. ಬೆನ್ನ ಹಿಂದೆ ದನಿ ಬರಲಿಲ್ಲ. ಬರಬಾರದು ಎಂದೇ ಅಷ್ಟೆಲ್ಲ ಮಾಡಿದ್ದು. ಬರಲಿಲ್ಲವಲ್ಲ ಎಂದು ದುಃಖವೂ ಆಗುತ್ತಿತ್ತು. ಎರಡನ್ನೂ ದೇವರ ಮುಂದೆ ಇಟ್ಟು ಅವನು ಅರಿಸಿನ ಕಲಸುತ್ತಿದ್ದ.

ಕಾರ್ತಿಕ ಬಂತು. ಅಗ್ರಹಾರದ ಮನೆಯ ಮುಳ್ಳು ತೆಗೆದು, ಸುಣ್ಣ ಬಳಿದು, ಜೋಯಿಸರು ಶಾಂತಿ ಮಾಡಿಸಿದರು. ದೇವಿರಮ್ಮನ ಕಂಬಳಿ, ಚೊಂಬುಗಳನ್ನು ದಾನ ಕೊಟ್ಟಾಯಿತು. ಸಾಮಾನು ಸಾಗಿಸಲು ಜವರಪ್ಪ ಕೈಗಾಡಿ ತಂದ. ಎಲ್ಲ ಏರಿಸಿದ ಮೇಲೆ ಮೀಟುಗೋಲು ತೆಗೆದುಕೊಂಡ.

"ಹಲಗೆ ಕಿತ್ತುಕೊಡ್ಲಾ ಅಣ್ಣ? ಮನೇಲಿಟ್ಕೊಳ್ಳಿ. ಈಗೇನೂ ದೋಷ ಇಲ್ವಲ್ಲ."

ನಿಂಗಯ್ಯ ಆರು ತಿಂಗಳಿನಿಂದ ಕಾದದ್ದು ಈ ಮಾತಿಗೇ. ಹಲಗೆಯ ಮೇಲೆ ಕೈಯಿಟ್ಟು ನಿಂತ. ಬೆಟ್ಟಮ್ಮ ಗಾಡಿಯ ಪಕ್ಕದಲ್ಲಿ ಬೇರೆ ಕಡೆ ನೋಡುತ್ತಿದ್ದಳು. ಅವಳು ಒಂದು ಮಾತು ಆಡಿದ್ದರೂ ಅವನು ಎದುರು ಮಾತಾಡಿ ಕಿತ್ತುಕೊಂಡೇ ಹೋಗುತ್ತಿದ್ದನೋ ಏನೋ. ಅವಳು ಆಡಲಿಲ್ಲ.

"ಇದರೊಳಕ್ಕೆ ಇನ್ಯಾರಾದ್ರೂ ಬರೋರಿದ್ದಾರಾ?" ಎಂದ.

"ನನ್ನ ಮಗಳು ಭಾಗ್ಯ, ಅಳಿಯ. ಅವರಿಗೂ ಮನೆ ಸಿಕ್ಕಿಲ್ಲ. ಹೊಸದಾಗಿ ಸಂಸಾರ ಹೂಡೋರು."

ನಿಂಗಯ್ಯ ಕೈ ತೆಗೆದ. "ಒಕ್ಕಲು ಬರೋ ಮನೆ ಹೊಸಿಲನ್ನ ಯಾರಾದ್ರೂ ಕೀಳ್ತಾರೇನಯ್ಯ?" ಎಂದು ಗಾಡಿಯ ಮುಂದೆ ನಡೆದ. ಬೆಟ್ಟಮ್ಮ ಹಿಂದಿನಿಂದ ಕುಂಟುತ್ತ ಬಂದಳು.

ವಾರ ಕಳೆದ ಮೇಲೆ ಮರೆತ ಕತ್ತರಿಯೊಂದರ ನೆಪ ಮಾಡಿಕೊಂಡು ನಿಂಗಯ್ಯ ಮಂಡಿ ಮೊಹಲ್ಲಾಕ್ಕೆ ಹೋದ. ಬೆಳಗಿನ ಹೊತ್ತು. ಭಾಗ್ಯ ಕೈತುಂಬ ಹಸಿರು ಬಳೆ ತೊಟ್ಟು ಮೆಟ್ಟಿಲ ಮೇಲೆ ಕೂತು ಹೊಸಿಲಿಗೆ ಅರಿಸಿನ ಹಚ್ಚುತ್ತಿದ್ದಳು. ಎಲ್ಲೂ ಹೆಚ್ಚು ಕಡಿಮೆಯಿಲ್ಲದೆ ಅಂಚಿನವರೆಗೂ ಹರಡಿತ್ತು. ಬೊಟ್ಟುಗಳು ಒಂದೇ ಸಮ.

"ಬನ್ನಿ ದೊಡ್ಡಪ್ಪ" ಎಂದು ಸರಿದಳು. "ಈ ಹೊಸಿಲು ಯಾಕೆ ನಡುವೆ ಹಿಂಗೆ ತಗ್ಗಾಗದೆ? ಅರಿಸಿನದ ನೀರೆಲ್ಲ ಅಲ್ಲೇ ನಿಂತ್ಕೋತದೆ."

"ನಿಂತ್ಕೊಳ್ಳಲಿ ಬುಡು ಮಗ" ಎಂದ ನಿಂಗಯ್ಯ. ಕತ್ತರಿ ಇಸಕೊಂಡ. ಒಳಗೆ ಬನ್ನಿ ಎಂದು ಅವಳು ಎಷ್ಟು ಹೇಳಿದರೂ ಬರಲಿಲ್ಲ. ಅರಿಸಿನ ಇನ್ನೂ ಹಸಿಯಾಗಿತ್ತು.