ಎಂಟು ಕಾಲಿನ ಕೋಳಿ

ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಜಯತೀರ್ಥ ಸೀನಿದರೆ ಸೊಲ್ಲಾಪುರದ ಪೇಟೆಯಲ್ಲಿ ಕದಗಳು ಅಲುಗಾಡುತ್ತಿದ್ದವು. ಅವನ ಪುಸ್ತಕದ ಚೀಲ ಎಷ್ಟು ಭಾರವೆಂದರೆ, ಅವನು ಹತ್ತಿದ ಬಸ್ಸು ಎಡಕ್ಕೆ ವಾಲಿಕೊಂಡೇ ಅಫಜಲಪುರ ಮುಟ್ಟುತ್ತಿತ್ತು. ಅವನು ಇಳಿದ ಮೇಲೆ ನೆಟ್ಟಗಾಗಲು ಅದಕ್ಕೆ ಎರಡು ದಿನ ಹಿಡಿಯುತ್ತಿತ್ತು. ಬಲ್ಲ ಭಾಷೆ ಮೂರು, ಹೇಳಿಕೊಳ್ಳುತ್ತಿದ್ದದ್ದು ಹದಿನಾಲ್ಕು.

ಇದು 1984ರ ಮಾತು. ಬಣ್ಣದ ಚಿತ್ರಗಳಿರುವ ವಿಜ್ಞಾನದ ಪುಸ್ತಕ ಆ ಕಡೆಯ ಮಕ್ಕಳಿಗೆ ಕನ್ನಡದಲ್ಲಿ ಸಿಗುವುದೇ ಅಪರೂಪ. ಜಯತೀರ್ಥ ಸೊಲ್ಲಾಪುರದಿಂದ ಮರಾಠಿ ಪುಸ್ತಕ ತಂದು, ಸಾಲು ಸಾಲಿನ ಮೇಲೂ ತಾನೇ ಕನ್ನಡ ಬರೆದ ಚೀಟಿ ಅಂಟಿಸಿ ಶಾಲೆಗಳಿಗೆ ಒಯ್ಯುತ್ತಿದ್ದ. ಈ ಸಲದ್ದು ಟ್ಯಾರಂಟುಲಾ ಎಂಬ ಭಾರೀ ಜೇಡದ ಪುಸ್ತಕ. ಮುಖಪುಟದ ಮೇಲೆ ಅದರ ತಲೆಯೊಂದೇ ಇಡೀ ಹಾಳೆ ತುಂಬಿತ್ತು: ಪುಟ್ಟ ಪುಟ್ಟ ಕಣ್ಣುಗಳ ಗುಂಪು, ಸುತ್ತ ಕಂದು ಕೂದಲು. ಅದನ್ನು ಕಂಡು ಅವನ ಮನೆಯ ಬೆಕ್ಕು ಮೂರು ದಿನ ಹಾಲು ಮುಟ್ಟಲಿಲ್ಲ.

ಪುಸ್ತಕ ಮೊದಲು ಹೋಗಬೇಕಾದದ್ದು ಮಣ್ಣೂರ ಶಾಲೆಗೆ. ಅಲ್ಲಿಯ ಮುಖ್ಯೋಪಾಧ್ಯಾಯಿನಿ ವತ್ಸಲಾಬಾಯಿಯವರ ಮಾತು ಭೀಮೆಯ ಎರಡೂ ದಂಡೆಗೆ ಕಾನೂನು. ಅವರು ಈ ಮೊದಲು ಎರಡು ಸಲ ಅವನ ಚೀಲವನ್ನು ಹಾಗೇ ಹಿಂದಕ್ಕೆ ಕಳಿಸಿದ್ದರು.

"ಹುಡುಗರು ಚಿತ್ರ ನೋಡ್ತಾವ್ರಿ, ಪುಟ ತಿರುವತಾವ. ಓದೋದಿಲ್ಲ. ಓದಿಸೋ ಪುಸ್ತಕ ಇದ್ರ ತರ್ರಿ" ಅಂದಿದ್ದರು.

ಮೂರನೇ ಸಲವೂ ಒಲ್ಲೆ ಅಂದರೆ ಜೇವರ್ಗಿಯ ತನಕ ಒಂದು ಶಾಲೆಯೂ ಬಾಗಿಲು ತೆರೆಯುವುದಿಲ್ಲ. ಆಮೇಲೆ ಅಣ್ಣನ ಅಂಗಡಿಯಲ್ಲಿ ತೊಗರಿ ತೂಗುತ್ತ ಕೂಡುವುದೇ ಗತಿ. ಇದು ಜಯತೀರ್ಥನಿಗೆ ಗೊತ್ತಿತ್ತು. ಆದರೂ ಇಡೀ ಭೂಮಿಯ ಜೇಡಗಳೆಲ್ಲ ತನ್ನ ಶಿಷ್ಯರು ಎಂಬಂತೆ ಎದೆಯುಬ್ಬಿಸಿ ಐದನೇ ಇಯತ್ತೆಯ ತರಗತಿಯೊಳಗೆ ಕಾಲಿಟ್ಟ.

ವತ್ಸಲಾಬಾಯಿ ಮುಂದಿನ ಸಾಲಿನ ಸಕ್ಕುಬಾಯಿಯ ಕೈಗೆ ಪುಸ್ತಕ ಕೊಟ್ಟು, "ಓದವಾ" ಅಂದರು.

ಹುಡುಗಿ ಎದ್ದು ನಿಂತು ಓದಿದಳು. "ಈ ಕೋಳಿಗೆ ಎಂಟು ಕಾಲು. ಮೈತುಂಬ ಕೂದಲು. ಇದು ನೆಲದೊಳಗೆ ಬಿಲ ಮಾಡಿಕೊಂಡು, ಅಲ್ಲಿಯೇ ಮೊಟ್ಟೆಗಳನ್ನು ಕಾಯುತ್ತದೆ."

ಶಾಲೆ ಎಷ್ಟು ಸ್ತಬ್ಧವಾಯಿತೆಂದರೆ ದೂರದ ಅಂದೋಲಾ ಊರಲ್ಲಿ ಯಾರೋ ಆಕಳಿಸಿದ್ದು ಕೇಳಿಸಿತು. ಆಮೇಲೆ ಹಿಂದಿನಿಂದ ಮಲ್ಕಪ್ಪನೆಂಬ ಹುಡುಗ ಎದ್ದ.

"ಅಕ್ಕೋರ, ಹಂಗಾರ ಒಂದ್ ಕೋಳಿಗಿ ಎಂಟ್ ತಂಗಡಿ ತುಂಡು ಬರ್ತಾವೇನ್ರಿ?"

"ಸಾಕು, ಕುಂದ್ರಲೇ" ಅಂದರು ವತ್ಸಲಾಬಾಯಿ. ನಗೆಯ ಅಲೆ ಇಳಿಯುವ ತನಕ ಕಾದು ಜಯತೀರ್ಥನತ್ತ ತಿರುಗಿದರು. "ಏನ್ರಿ ಇದು?"

ಜಯತೀರ್ಥನಿಗೆ ಹೊಳೆದುಬಿಟ್ಟಿತ್ತು. ಮರಾಠಿಯಲ್ಲಿ ಜೇಡಕ್ಕೆ ಕೋಳಿ ಅನ್ನುತ್ತಾರೆ. ಉಳಿದ ಮಾತುಗಳನ್ನೆಲ್ಲ ಅವನ ಲೇಖನಿ ಹಿಡಿದು ಹಿಡಿದು ಕನ್ನಡಕ್ಕೆ ತಂದಿತ್ತು. ಈ ಒಂದು ಮಾತು ಮಾತ್ರ ಮನೆಯವರ ಹಾಗೆ ನಗುತ್ತ ಹೊಸಿಲು ದಾಟಿ ಬಂದಿತ್ತು. ಆದರೆ ತಪ್ಪಾಯಿತು ಅನ್ನುವುದು ಅವನ ಹದಿನಾಲ್ಕು ಭಾಷೆಗಳ ಪೈಕಿ ಒಂದರಲ್ಲೂ ಇರಲಿಲ್ಲ.

"ಇದು ಆಫ್ರಿಕಾದ ಕೋಳಿರಿ" ಅಂದ. "ಅಲ್ಲಿ ಎಲ್ಲಾ ಕೋಳಿ ಹಿಂಗೇ ಇರ್ತಾವ."

ಮಕ್ಕಳು ನಂಬಿದರು. ಅಂಥ ಗಂಟಲಿನಿಂದ ಬಂದ ಸುಳ್ಳನ್ನು ಕಲ್ಲು ಕೂಡ ನಂಬಬೇಕು. ಸಕ್ಕುಬಾಯಿ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ನಮ್ಮ ಹೊಲದ ಬದುವಿನ್ಯಾಗ ಇಂಥದೇ ಕೋಳಿ ಅದರಿ. ಬಿಲದಾಗಿಂದ ಕಾಲ್ ಕಾಣಸ್ತಾವ. ಇವತ್ತ ಸಂಜೀಕ ಕೈ ಹಾಕಿ ಮೊಟ್ಟಿ ತಗೋತೇನ್ರಿ."

ಇನ್ನೊಂದು ಸುಳ್ಳು ಜಯತೀರ್ಥನ ನಾಲಿಗೆಯ ತುದಿಗೇ ಬಂದು ನಿಂತಿತ್ತು, ಅದರ ಹಿಂದೆ ಇನ್ನೂ ನೂರು ಸಾಲುಗಟ್ಟಿದ್ದವು. ಅವನ ಕಣ್ಣು ಹುಡುಗಿಯ ಕೈ ಮೇಲೆ ಹೋಯಿತು. ಬಿಲದೊಳಗೆ ಸಲೀಸಾಗಿ ಹೋಗುವಷ್ಟು ಸಣ್ಣ ಕೈ.

"ಬ್ಯಾಡವಾ" ಅಂದ, ಇಷ್ಟು ಮೆಲ್ಲಗೆ ಮಾತಾಡಿದ್ದು ಜನ್ಮದಲ್ಲಿ ಅದೇ ಮೊದಲು. "ಅದು ಕೋಳಿ ಅಲ್ಲ, ಜೇಡ. ಮರಾಠಿಯೊಳಗ ಜೇಡಕ್ಕ ಕೋಳಿ ಅಂತಾರ. ನಾ ಹಂಗೇ ಬರದುಬಿಟ್ಟೇನಿ. ಆಫ್ರಿಕಾ ಸುಳ್ಳು. ತಪ್ಪು ನಂದು. ಅದು ಕಡದ್ರ ಭಾಳ ನೋವಾಗ್ತದ. ನೀ ದೂರ ಕೂತು ನೋಡು, ಕೈ ಮಾತ್ರ ಹಾಕಬ್ಯಾಡ."

ಹೇಳಿ ಮುಗಿಸಿ, ಅಣ್ಣನ ತಕ್ಕಡಿಯನ್ನು ಮನಸ್ಸಿನಲ್ಲೇ ನೋಡುತ್ತ ಚೀಲಕ್ಕೆ ಕೈ ಹಾಕಿದ.

"ಎಲ್ಲಿಗಿ ಹೊಂಟೀರಿ?" ಅಂದರು ವತ್ಸಲಾಬಾಯಿ. "ಎಷ್ಟ್ ಪುಸ್ತಕ ತಂದೀರಿ?"

"ಇದೇ ಪುಸ್ತಕ ಹನ್ನೆರಡ್ರಿ."

ಹನ್ನೆರಡನ್ನೂ ಅವರು ಮಕ್ಕಳಿಗೆ ಹಂಚಿದರು. ಕೋಳಿ ಎಂದು ಇರುವಲ್ಲೆಲ್ಲ ಹೊಡೆದು ಹಾಕಿ ಜೇಡ ಎಂದು ಬರೆಯಬೇಕು, ಒಂದೂ ತಪ್ಪಬಾರದು. ಅಲ್ಲಿಂದ ಇಯತ್ತೆಯೊಳಗೆ ಗೊಣಗೊಣ ಓದುವ ಸದ್ದು. ಚಿತ್ರದ ಕಡೆ ಯಾರೂ ನೋಡಲಿಲ್ಲ. ತಲೆಗಳೆಲ್ಲ ಸಾಲಿನ ಮೇಲೆ ಬಾಗಿದ್ದವು, ಬೆರಳು ಅಕ್ಷರ ಅಕ್ಷರಕ್ಕೂ ನಿಲ್ಲುತ್ತಿತ್ತು.

"ಲೇ, ಹೆಣ್ಣ್ ಜೇಡ ಇಪ್ಪತ್ ವರ್ಷ ಬದಕತದಂತ" ಅಂದ ಮಲ್ಕಪ್ಪ. "ನಮ್ಮಕ್ಕನಕಿಂತ ದೊಡ್ಡದು."

"ಬಲಿ ಹೆಣೀದೇ ಬೇಟಿ ಆಡ್ತದ. ಇಲ್ಲಿ ನೋಡು, ಇನ್ನೊಂದ್ ಕೋಳಿ ಸಿಕ್ತು" ಅಂದಳು ಸಕ್ಕುಬಾಯಿ.

ವತ್ಸಲಾಬಾಯಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಖಾಲಿ ಚೀಲವನ್ನು ಮಡಚಿ ಜಯತೀರ್ಥನ ಕೈಗಿತ್ತರು.

"ಜೇವರ್ಗಿ ಹೆಡ್‌ಮಾಸ್ತರಿಗಿ ಚಿಟ್ಟಿ ಬರದು ಕೊಡ್ತೇನಿ, ಒಯ್ರಿ" ಅಂದರು. "ಮುಂದಿನ ಪುಸ್ತಕದಾಗೂ ಇಂಥಾದೊಂದ್ ತಪ್ಪು ಬಿಟ್ಟು ತರ್ರಿ."